ಬೆಲೆಗಿಂತ ಮೊದಲು ಕೇಳಬೇಕಾದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಡಾಕ್ಟರುಗಳು ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ತೆಗೆದುಕೊಳ್ಳುವಾಗ ಬೆಲೆಗಿಂತ ಮೊದಲು ಮಾರುವವರಲ್ಲಿ ಇದನ್ನು ಕೇಳಲಿ: ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ರೋಗಿಗಳ ದಾಖಲೆ ಪೂರ್ತಿ ನಮ್ಮ ಕೈಗೆ ಕೊಡುತ್ತೀರಾ? ಅಳುಕಿದರೆ ಅಲ್ಲಿಗೇ ಬಿಡಿ.

ಆಟಿಯ ಮಳೆಗೆ ಚಾರ್ಮಾಡಿ ಬದಿಯಲ್ಲಿ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಇಂಟರ್ನೆಟ್ ಇಲ್ಲದಾಗಲೂ ಬರೆದಿಡಲು ಬರಬೇಕು.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಸಾಫ್ಟ್‌ವೇರ್ ಹೊಂದುತ್ತದೆಯೇ ಎಂದೂ ಕೇಳಲಿ; ಅದು 2021ರಲ್ಲೇ ದೇಶಕ್ಕೆಲ್ಲ ಬಂತು. ಅದರಡಿ ರೋಗಿಗೆ ಸಿಗುವ 14 ಅಂಕಿಯ ಆಭಾ ಸಂಖ್ಯೆಗೆ ಕ್ಲಿನಿಕ್ಕೂ ಆಸ್ಪತ್ರೆಯೂ ದಾಖಲೆ ಜೋಡಿಸಿಕೊಂಡಿದ್ದರೆ, ರೋಗಿ ಒಪ್ಪಿದಾಗ ಇಲ್ಲಿನ ರಿಪೋರ್ಟು ಮಂಗಳೂರಿನ ಆಸ್ಪತ್ರೆಯಲ್ಲೂ ತೆರೆಯುತ್ತದೆ. ತೊಟ್ಟೆ ತುಂಬ ಹಳೇ ಚೀಟಿ ಹೊತ್ತು ಬಸ್ಸು ಹತ್ತುವ ಅಜ್ಜಿಯರಿಗೆ ಇದು ಸಣ್ಣ ಸಂಗತಿಯಲ್ಲ.

ಇನ್ನೊಂದು, ರೋಗಿಗೆ ಯಾವ ಮದ್ದು ಆಗುವುದಿಲ್ಲ ಎಂಬುದು ದಾಖಲೆ ತೆರೆದ ಕೂಡಲೇ ಕಾಣಬೇಕು, ನಾಲ್ಕನೇ ಪುಟದಲ್ಲಲ್ಲ.