ಭಾವನ ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್?

ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ತೀರ್ಥಹಳ್ಳಿಯಿಂದ ಭಾವನ ಫೋನ್ ಬಂತು. ಹೊತ್ತಲ್ಲದ ಹೊತ್ತಿಗೆ ಅಕ್ಕನ ಮನೆಯಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಭಾವನಿಗೂ ಅದು ಗೊತ್ತು. ಹಾಗಾಗಿ ಮೊದಲೇ ಹೇಳಿಬಿಟ್ಟರು: "ನಾವೆಲ್ಲ ಆರಾಮ. ಕಂಪ್ಯೂಟರಿಗೆ ವೈರಸ್ ಬಂದಿದೆ ಮಾರಾಯ. ಒಂದಲ್ಲ, ಐದು ಅಂತೆ. ಹತ್ತು ನಿಮಿಷಕ್ಕೊಂದು ಸಲ ಪರದೆ ಮೇಲೆ ಬರ್ತಾ ಇದೆ. ಅಂಗಡಿಯವ ಮೂರು ವರ್ಷದ ಆಂಟಿವೈರಸ್ ಒಟ್ಟಿಗೆ ತಗೊಂಡ್ರೆ ಲಾಭ ಅಂತಾನೆ. ಯಾವುದು ತಗೊಳ್ಳಲಿ, ಹೇಳು."

"ಭಾವ, ಸದ್ಯ ದುಡ್ಡು ಕೊಡಬೇಡಿ, ಪರದೆ ಮೇಲೆ ಬಂದದ್ದನ್ನು ಒತ್ತಲೂಬೇಡಿ. ಭಾನುವಾರ ನಾನೇ ಬರ್ತೇನೆ" ಅಂದೆ. ರೋಗಿಯನ್ನು ನೋಡದೆ ಔಷಧಿ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಶಿವಮೊಗ್ಗದಿಂದ ಬಸ್ಸು ಗಾಜನೂರು ದಾಟಿ ಮಂಡಗದ್ದೆಯ ಕಡೆ ಹೊರಟರೆ ಪಕ್ಕದಲ್ಲಿ ತುಂಗೆ, ಈಚೆ ಕಾಡು. ತಲೆ ತಾನಾಗಿಯೇ ಎಲ್ಲೆಲ್ಲಿಗೋ ಹೋಗುತ್ತದೆ. ನನ್ನದು ಆವತ್ತು ಲಾಹೋರಿಗೆ ಹೋಯಿತು. 1986ರಲ್ಲಿ ಅಲ್ಲಿ ಬಾಸಿತ್ ಮತ್ತು ಅಮ್ಜದ್ ಫಾರೂಖ್ ಆಲ್ವಿ ಎಂಬ ಅಣ್ಣತಮ್ಮಂದಿರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದರು. ತಾವು ಬರೆದ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುತ್ತಾರೆಂದು ಫ್ಲಾಪಿಯ ಮೊದಲ ಭಾಗದಲ್ಲೇ ಕೂರುವ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅದರ ಹೆಸರು 'ಬ್ರೇನ್'. ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅದೇ. ಅದರೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಬರೆದಿಟ್ಟಿದ್ದರು! ಫ್ಲಾಪಿಯಿಂದ ಫ್ಲಾಪಿಗೆ ದಾಟಿ ಅದು ಸಮುದ್ರದಾಚೆಗೂ ಹೋಯಿತು.

ಇತ್ತ ಪುಣೆಯಲ್ಲಿ ಇನ್ನೊಬ್ಬ ಅಣ್ಣ, ಇನ್ನೊಬ್ಬ ತಮ್ಮ. ಅಣ್ಣ ಕೈಲಾಶ್ ಕಾಟ್ಕರ್ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದವರು. ತಮ್ಮ ಸಂಜಯನನ್ನು ಕಂಪ್ಯೂಟರ್ ಓದಿಸಿದರು. ರಿಪೇರಿಗೆ ಬರುತ್ತಿದ್ದ ಯಂತ್ರಗಳಲ್ಲಿ ವೈರಸ್ಸಿನ ಕಾಟ ನೋಡಿ ತಮ್ಮ ಮದ್ದು ಬರೆದ. 'ಕ್ವಿಕ್ ಹೀಲ್' ಹುಟ್ಟಿದ್ದು ಹಾಗೆ. ಅದಕ್ಕೂ ಮೊದಲೇ, 1991ರಲ್ಲಿ, ಚೆನ್ನೈಯಲ್ಲಿ 'ಕೆ7' ಶುರುವಾಗಿತ್ತು. ಆಂಟಿವೈರಸ್ ಅಂದರೆ ಪರದೇಶದಿಂದಲೇ ಬರಬೇಕು ಅಂದುಕೊಂಡವರಿಗೆ ಇದನ್ನು ಹೇಳಲು ನನಗೆ ಬಹಳ ಇಷ್ಟ.

ಮನೆ ತಲುಪಿದಾಗ ಅಕ್ಕ ಕೊಟ್ಟೆ ಕಡುಬು ಇಳಿಸುತ್ತಿದ್ದಳು. ಭಾವ ನನಗೆ ಕೈಕಾಲು ತೊಳೆಯಲೂ ಬಿಡದೆ ಕಂಪ್ಯೂಟರಿನ ಮುಂದೆ ಕೂರಿಸಿದರು. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಕಸೂತಿ ಬಟ್ಟೆ ಮುಚ್ಚಿಟ್ಟು ಯಂತ್ರವನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ. ಅಡಿಕೆ ಮಂಡಿಯ ಲೆಕ್ಕ, ಪಹಣಿ, ಬ್ಯಾಂಕಿನ ವ್ಯವಹಾರ ಎಲ್ಲ ಅದರಲ್ಲೇ. ಐದು ನಿಮಿಷ ಕಾದೆವು. ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಎದ್ದು ಬಂತು. ಕೆಂಪು ವೃತ್ತ, ಒಳಗೆ ಬಿಳಿ ಆಶ್ಚರ್ಯಸೂಚಕ, ಐದು ವೈರಸ್ ಸಿಕ್ಕಿವೆ ಎಂಬ ದಪ್ಪ ಅಕ್ಷರ. "ಭಾವ, ಕೆಳಗಿನ ಸಣ್ಣ ಅಕ್ಷರ ಓದಿ" ಅಂದೆ. ಕನ್ನಡಕ ಏರಿಸಿ ಓದಿದರು. ಯಾವುದೋ ವೆಬ್‌ಸೈಟಿನ ಹೆಸರು. ನಿಜವಾದ ಆಂಟಿವೈರಸ್ಸಿನ ಮಾತಿಗೆ ವೆಬ್‌ಸೈಟಿನ ಹೆಸರು ಯಾಕಿರಬೇಕು? ಯಾವತ್ತೋ ಅಡಿಕೆ ಧಾರಣೆ ಹುಡುಕುವಾಗ ಒಂದು ಪುಟ 'ಅಲೌ' ಒತ್ತಿ ಎಂದಿದೆ, ಭಾವ ಒತ್ತಿದ್ದಾರೆ. ಅವತ್ತಿನಿಂದ ಸೂಚನೆ ಕಳಿಸುವ ಅಧಿಕಾರ ಅದಕ್ಕೆ ಸಿಕ್ಕಿತು. ಬ್ರೌಸರಿನ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್, ಆ ಹೆಸರನ್ನು ತೆಗೆದುಹಾಕಿದೆ. ಐದು ವೈರಸ್ಸೂ ಹೋದವು. ಅವು ಇರಲೇ ಇಲ್ಲ. ಹೀಗೆ ಹೆದರಿಸಿ, ಒಂದು ನಂಬರಿಗೆ ಫೋನ್ ಮಾಡಿಸಿ, ದೂರದಿಂದಲೇ ಯಂತ್ರ ನಡೆಸುವ ತಂತ್ರಾಂಶ ಹಾಕಿಸಿ ಖಾತೆ ಖಾಲಿ ಮಾಡುವವರಿದ್ದಾರೆ. ಹಾಗೇನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಗೋಡೆಯ ಕ್ಯಾಲೆಂಡರಿನ ಮೇಲೆ ಆ ನಂಬರನ್ನು ದೊಡ್ಡದಾಗಿ ಬರೆದಿಟ್ಟು ಬಂದಿದ್ದೇನೆ.

ಆದರೆ ನಿಜವಾದ ತೊಂದರೆ ಬೇರೆ ಇತ್ತು. ಕಂಪ್ಯೂಟರಿನ ಜೊತೆಗೇ ಬಂದ ಆಂಟಿವೈರಸ್ ಒಂದು, ಅದರ ಅವಧಿ ಮುಗಿದಿತ್ತು. ಅಣ್ಣನ ಮಗ ಹಾಕಿಕೊಟ್ಟ ಪುಕ್ಕಟೆ ಆಂಟಿವೈರಸ್ ಇನ್ನೊಂದು. ಎರಡು ಕಾವಲು ಇದ್ದರೆ ಒಳ್ಳೆಯದೇ ಅಲ್ಲವೇ ಎಂದು ಭಾವ ಕೇಳಿದರು. ಅಲ್ಲ. ಪ್ರತಿ ಫೈಲು ತೆರೆಯುವಾಗಲೂ ಎರಡೂ ಅಡ್ಡ ಬಂದು ತಪಾಸಣೆ ಮಾಡುತ್ತವೆ, ಒಂದನ್ನೊಂದು ಶಂಕಿಸುತ್ತವೆ, ಯಂತ್ರ ಏದುಸಿರು ಬಿಡುತ್ತದೆ. ಎರಡನ್ನೂ ತೆಗೆದು ಯಂತ್ರವನ್ನು ಮತ್ತೆ ಶುರು ಮಾಡಿದಾಗ, ವಿಂಡೋಸಿನ ಒಳಗೇ ಇರುವ ಡಿಫೆಂಡರ್ ತಾನಾಗಿ ಎಚ್ಚೆತ್ತಿತು. 2012ರ ವಿಂಡೋಸ್ 8ರಿಂದ ಅದು ಆಂಟಿವೈರಸ್ಸಾಗಿ ಜೊತೆಗೇ ಬರುತ್ತದೆ, ಬೇರೊಂದು ಬಂದರೆ ಪಕ್ಕಕ್ಕೆ ಸರಿದು ಕೂರುತ್ತದೆ.

ಆಂಟಿವೈರಸ್ ಅನ್ನುವುದು ವೈರಸ್ಸನ್ನು ಗುರುತಿಸುವುದಾದರೂ ಹೇಗೆ ಎಂದು ಭಾವ ಮೇಷ್ಟ್ರ ದನಿಯಲ್ಲೇ ಕೇಳಿದರು. ಅವರಿಗೆ ಅಡಿಕೆಯಲ್ಲಿ ಹೇಳಿದೆ. ಮಂಡಿಯ ಹಳಬರು ಗೋಣಿಗೆ ಕೈಹಾಕಿ ಒಂದು ಹಿಡಿ ತೆಗೆದರೆ ರಾಶಿಯೋ ಬೆಟ್ಟೆಯೋ ಗೊರಬಲೋ ಕಣ್ಣಲ್ಲೇ ಹೇಳುತ್ತಾರಲ್ಲ, ಹಾಗೆ ಮೊದಲು ಕಂಡ ವೈರಸ್ಸಿನ ಗುರುತುಗಳ ಪಟ್ಟಿ ಅದರ ಹತ್ತಿರ ಇರುತ್ತದೆ. ಆ ಪಟ್ಟಿಗೆ ದಿನಾ ಹೊಸದು ಸೇರುತ್ತಿರಬೇಕು. ಗುರುತು ಸಿಗದ ಮಾಲು ಬಂದರೆ ಒಂದು ಅಡಿಕೆ ಕತ್ತರಿಸಿ ಒಳಗು ನೋಡುತ್ತಾರೆ. ಇದೂ ಅಷ್ಟೇ, ಸಂಶಯ ಬಂದ ಪ್ರೋಗ್ರಾಮನ್ನು ಬೇರೆಯಾಗಿಟ್ಟು ನಡೆಸಿ ಅದು ಏನು ಮಾಡುತ್ತದೆಂದು ನೋಡುತ್ತದೆ. ಆದರೂ ಎಲ್ಲ ವೈರಸ್ಸನ್ನೂ ತಪ್ಪದೆ ಹಿಡಿಯುವ ಪ್ರೋಗ್ರಾಂ ಬರೆಯುವುದು ಸಾಧ್ಯವೇ ಇಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದಿಂದ ತೋರಿಸಿದ್ದಾರೆ. ಡಬ್ಬಿಯ ಮೇಲೆ ನೂರಕ್ಕೆ ನೂರು ರಕ್ಷಣೆ ಎಂದು ಬರೆದಿದ್ದರೆ ನಂಬಬೇಕಾಗಿಲ್ಲ.

ಮಾತಿನ ನಡುವೆ ಭಾವ ಮೇಜಿನ ಖಾನೆಯಿಂದ ಒಂದು ಹಳೆಯ ಪೆನ್‌ಡ್ರೈವ್ ತೆಗೆದು ಕೊಟ್ಟರು. ಎಷ್ಟೋ ಸಲ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಬಂದದ್ದು. ಚುಚ್ಚಿದೆ. ನಾಲ್ಕು ಹಳದಿ ಫೋಲ್ಡರುಗಳು ಕಂಡವು: ಪಹಣಿ, ಶಾಲೆ, ಮದುವೆ, ಅಮ್ಮ. ಒಂದರ ಮೇಲೆ ಬಲಗುಂಡಿ ಒತ್ತಿ ವಿವರ ನೋಡಿದರೆ ಫೋಲ್ಡರ್ ಎನ್ನುವ ಬದಲು 'ಅಪ್ಲಿಕೇಶನ್' ಎಂದಿತ್ತು. ಬಟ್ಟೆ ಫೋಲ್ಡರಿನದು, ಒಳಗೆ ವೈರಸ್. ಅಷ್ಟರಲ್ಲಿ ಡಿಫೆಂಡರ್ ಅವನ್ನು ಹಿಡಿದು ತೆಗೆಯಿತು. ಪೆನ್‌ಡ್ರೈವ್ ಖಾಲಿ. ಭಾವನ ಮುಖ ಕಪ್ಪಿಟ್ಟಿತು. ಅಡುಗೆಮನೆಯಿಂದ ಬಂದ ಅಕ್ಕ "ಅಮ್ಮನದ್ದೂ ಹೋಯ್ತಾ?" ಎಂದು ಅಲ್ಲೇ ನಿಂತಳು.

ಅಮ್ಮನದ್ದು ಅಂದರೆ ಅಮ್ಮ ಹೇಳಿದ ಸೋಬಾನೆ ಪದಗಳು. ತೀರಿಕೊಳ್ಳುವ ಹಿಂದಿನ ವರ್ಷ ಅಕ್ಕ ಮೊಬೈಲಿನಲ್ಲಿ ಹಿಡಿದಿಟ್ಟದ್ದು. ಆ ಮೊಬೈಲ್ ಈಗಿಲ್ಲ. ಹಳೆಯ ಕಂಪ್ಯೂಟರೂ ಇಲ್ಲ. ಇದ್ದದ್ದು ಇದೊಂದೇ ಪ್ರತಿ ಎಂದು ನನಗೆ ಆಗಲೇ ಗೊತ್ತಾದದ್ದು.

ಈ ಜಾತಿಯ ವೈರಸ್ ಫೋಲ್ಡರನ್ನು ಅಳಿಸುವುದಿಲ್ಲ. ಬಚ್ಚಿಟ್ಟು, ಅದೇ ಹೆಸರಲ್ಲಿ ತಾನು ಕೂರುತ್ತದೆ. ಆಂಟಿವೈರಸ್ ಕಳ್ಳನನ್ನು ಹಿಡಿಯುತ್ತದೆ, ಬಚ್ಚಿಟ್ಟದ್ದನ್ನು ಹೊರಗೆ ತರುವ ಕೆಲಸ ನಮ್ಮದು. ಗೊತ್ತಿಲ್ಲದ ಎಷ್ಟೋ ಜನ ಎಲ್ಲ ಹೋಯಿತೆಂದು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ನಿಜವಾಗಿಯೂ ಕಳೆದುಕೊಂಡಿದ್ದಾರೆ. ಕಮಾಂಡ್ ಪ್ರಾಂಪ್ಟ್ ತೆರೆದು 'ಆಟ್ರಿಬ್' ಎಂಬ ಹಳೆಯ ಡಾಸ್ ಆಜ್ಞೆ ಕೊಟ್ಟೆ. ಫೈಲಿಗೆ ಹಚ್ಚಿದ 'ಅಡಗಿದೆ' ಎಂಬ ಗುರುತನ್ನು ಅದು ಅಳಿಸುತ್ತದೆ. ನಾಲ್ಕೂ ಫೋಲ್ಡರ್ ಒಂದೊಂದಾಗಿ ಎದ್ದು ಬಂದವು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಅಮ್ಮನ ದನಿ ಹನ್ನೊಂದು ನಿಮಿಷ ಇತ್ತು. ನಡುವೆ ಒಮ್ಮೆ ಕೆಮ್ಮು, ಹಿಂದೆ ಮಳೆ.

ಮಧ್ಯಾಹ್ನ ಊಟವಾದ ಮೇಲೆ ಭಾವ ಮತ್ತೆ ಅದೇ ಪ್ರಶ್ನೆ ಕೇಳಿದರು: ಹಾಗಾದರೆ ಯಾವುದು ತಗೊಳ್ಳಲಿ? ನಿಮಗೆ ಯಾವುದೂ ಬೇಡ ಅಂದೆ. ಮನೆಯ ಬಳಕೆಗೆ ಡಿಫೆಂಡರ್ ಸಾಕು. ಜರ್ಮನಿಯ 'ಎವಿ-ಟೆಸ್ಟ್', ಆಸ್ಟ್ರಿಯಾದ 'ಎವಿ-ಕಂಪ್ಯಾರೆಟಿವ್ಸ್' ಎಂಬ ಸಂಸ್ಥೆಗಳು ಆಂಟಿವೈರಸ್‌ಗಳನ್ನು ಪರೀಕ್ಷೆಗೊಡ್ಡಿ ಅಂಕ ಕೊಡುತ್ತವೆ. ಎವಿ-ಟೆಸ್ಟಿನ ಪಟ್ಟಿಯಲ್ಲಿ ಡಿಫೆಂಡರ್ ಈಗ ದುಡ್ಡು ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಮಕ್ಕಳಿದ್ದು ಅವರ ಮೇಲೆ ಕಣ್ಣಿಡಬೇಕೆಂದೋ, ನಾಲ್ಕಾರು ಯಂತ್ರಕ್ಕೆ ಒಂದೇ ಚಂದಾ ಸಾಕೆಂದೋ, ಫೋನಿನಲ್ಲಿ ಕೇಳಲು ಒಬ್ಬರು ಬೇಕೆಂದೋ ಕೊಳ್ಳುವುದಾದರೆ ಕೊಳ್ಳಲಿ, ಅದು ತಪ್ಪಲ್ಲ. ಕೊಳ್ಳುವ ಮುಂಚೆ ಆ ಅಂಕಪಟ್ಟಿ ನೋಡಲಿ. ಪುಕ್ಕಟೆಯದಕ್ಕೆ ಮಾತ್ರ ಇನ್ನೂ ಹೆಚ್ಚು ಯೋಚಿಸಬೇಕು. ಪುಕ್ಕಟೆ ಆಂಟಿವೈರಸ್ ಕೊಡುವ ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಪುಟ ನೋಡಿದರೆಂಬ ಮಾಹಿತಿಯನ್ನು ಮಾರುತ್ತಿದ್ದದ್ದು 2020ರಲ್ಲಿ ಬಯಲಾಗಿ, 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದರ ಮೇಲೆ 1.65 ಕೋಟಿ ಡಾಲರ್ ಕಟ್ಟುವ ಹೊಣೆ ಹೊರಿಸಿತು. ಕದ್ದ ಕೀಲಿ ಹಾಕಿದ ಆಂಟಿವೈರಸ್ಸಂತೂ ಮನೆಗೆ ಬರಲೇಬಾರದು.

ಭಾವನ ಯಂತ್ರ ತಿಂಗಳುಗಟ್ಟಲೆ ಅಪ್ಡೇಟ್ ಆಗಿರಲಿಲ್ಲ. ಕರೆಂಟು ಹೋಗುತ್ತದೆ, ಮೊಬೈಲಿನ ಡೇಟಾ ಖರ್ಚಾಗುತ್ತದೆ ಎಂದು ಮುಂದೂಡುತ್ತಿದ್ದರಂತೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ 2017ರ ಮೇ 12ರಂದು ಜಗತ್ತನ್ನು ನಡುಗಿಸಿದ ವನ್ನಾಕ್ರೈ ಎಂಬ ವೈರಸ್ ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ಹಾಕಿಕೊಳ್ಳದೆ ಕೂತವರ ಫೈಲುಗಳಿಗೆ ಬೀಗ ಬಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಹಳೆಯ ಯಂತ್ರದವರು ನೆನಪಿಡಬೇಕು.

ಆಂಟಿವೈರಸ್ಸಿಗೆಂದು ತೆಗೆದಿಟ್ಟ ದುಡ್ಡಿಗೆ ಒಂದಿಷ್ಟು ಸೇರಿಸಿ ಭಾವ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದಿದ್ದಾರೆ. ತಿಂಗಳಿಗೊಂದು ಭಾನುವಾರ ಎಲ್ಲವನ್ನೂ ಅದಕ್ಕೆ ಇಳಿಸಿ, ವೈರು ಕಿತ್ತು ಬೀರುವಿನಲ್ಲಿ ಇಡುತ್ತಾರೆ. ಯಂತ್ರಕ್ಕೆ ಚುಚ್ಚಿಯೇ ಬಿಟ್ಟರೆ ಬೀಗ ಹಾಕುವ ವೈರಸ್ ಅದನ್ನೂ ಬಿಡುವುದಿಲ್ಲ. ಅಮ್ಮನ ಹನ್ನೊಂದು ನಿಮಿಷ ಈಗ ಅವರ ಕಂಪ್ಯೂಟರಿನಲ್ಲಿದೆ, ಆ ಡಿಸ್ಕಿನಲ್ಲಿದೆ, ಶಿವಮೊಗ್ಗದ ನನ್ನ ಮನೆಯಲ್ಲೂ ಇದೆ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. ಅದು ಒಂದೇ ಕಡೆ ಇದ್ದರೆ ದಯವಿಟ್ಟು ಇವತ್ತೇ ಇನ್ನೊಂದು ಕಡೆ ಹಾಕಿಡಿ. ಆಂಟಿವೈರಸ್ ಯಾವುದೆಂದು ನಾಳೆ ನೋಡೋಣ.