ಗೋಡೆಯಾಚೆಯ ಮಂದಿ

ನಮ್ಮ ಎಂ.ಕೆ. ಹುಬ್ಬಳ್ಳಿಯಿಂದ ಕಿತ್ತೂರು ಬಹಳ ದೂರವೇನಲ್ಲ. ಚಿಕ್ಕಂದಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ನಾವು ಹುಡುಗರು ಆಡುತ್ತಿದ್ದ ಆಟವೆಂದರೆ ಕಿತ್ತೂರಿನ ಕಾಳಗ. ಒಬ್ಬ ಥ್ಯಾಕರೆಯಾಗಬೇಕು, ಅಮಟೂರ ಬಾಳಪ್ಪನಾದವನು ಅವನಿಗೆ ಗುಂಡು ಹೊಡೆಯಬೇಕು. ಥ್ಯಾಕರೆ ಮರಳಿನ ಮೇಲೆ ಬಿದ್ದನೆಂದರೆ ಆಟ ಮುಗಿಯಿತು. ಆಮೇಲೇನಾಯಿತೆಂದು ನಾವು ಕೇಳಿದವರಲ್ಲ. ಕೇಳುವಂತೆ ಮಾಡಿದ್ದು ಪಿಯುಸಿ ಓದುವ ನನ್ನ ಮಗ, ಅದೂ ಒಂದು ಜಪಾನಿ ಕಾರ್ಟೂನಿನ ನೆಪದಲ್ಲಿ!

ಕಾರ್ಟೂನ್ ಎಂದರೆ ಅವನಿಗೆ ಸಿಟ್ಟು. "ಇದಕ್ಕ ಅನಿಮೆ ಅಂತಾರ ಅಪ್ಪಾ. ಸಣ್ಣ ಹುಡುಗರು ನೋಡೂದಲ್ಲ" ಎನ್ನುತ್ತಾನೆ. ಹಜಿಮೆ ಇಸಯಾಮಾ 2009ರಿಂದ 2021ರವರೆಗೆ ಬರೆದ ಚಿತ್ರಕಥೆ 'ಅಟ್ಯಾಕ್ ಆನ್ ಟೈಟನ್'. ಅದರ ಅನಿಮೆ 2013ರಲ್ಲಿ ಆರಂಭವಾಗಿ 2023ರಲ್ಲಿ ಮುಗಿಯಿತು. ಪರೀಕ್ಷೆ ಹತ್ತಿರ ಬಂದರೂ ಮೊಬೈಲು ಬಿಡಲೊಲ್ಲನಲ್ಲ ಎಂದು ಬೈಯಲು ಹೋದವನು ನಾನು, ಪಕ್ಕದಲ್ಲೇ ಕೂತುಬಿಟ್ಟೆ.

ಕಥೆ ಘೋರವಾದದ್ದು. ದೊಡ್ಡ ಗೋಡೆಗಳ ಒಳಗೆ ಬದುಕುವ ಜನ, ಹೊರಗೆ ಮನುಷ್ಯರನ್ನು ನುಂಗುವ ದೈತ್ಯರು. ಕಣ್ಣೆದುರೇ ತಾಯಿಯನ್ನು ಕಳೆದುಕೊಂಡ ಎರೆನ್ ಎಂಬ ಹುಡುಗನಿಗೆ ಒಂದೇ ಹಂಬಲ: ಗೋಡೆ ದಾಟಬೇಕು, ಸ್ವತಂತ್ರನಾಗಬೇಕು. ದಾಟಿ ನೋಡಿದರೆ ಸಮುದ್ರದಾಚೆಯೂ ಮನುಷ್ಯರೇ ಇದ್ದಾರೆ, ಅವರಿಗೆ ಇವರ ಮೇಲೆ ದ್ವೇಷವಿದೆ. ಕೊನೆಗೆ ಎರೆನ್ ತನ್ನವರ ಸ್ವಾತಂತ್ರ್ಯಕ್ಕಾಗಿ ಹೊರಗಿನ ಜಗತ್ತನ್ನೇ ತುಳಿಸಿಹಾಕಲು ಹೊರಡುತ್ತಾನೆ. ನೂರರಲ್ಲಿ ಎಂಬತ್ತು ಮಂದಿ ಸತ್ತ ಮೇಲೆ ಅವನ ಗೆಳೆಯರೇ ಅವನನ್ನು ಕೊಲ್ಲಬೇಕಾಗುತ್ತದೆ.

"ಅವಾ ಮಾಡಿದ್ದು ತಪ್ಪಾ ಅಪ್ಪಾ? ಬಿಟ್ಟಿದ್ರ ಅವರು ಇವರನ್ನ ಬಿಡತಿದ್ರಾ?" ಎಂದ ಮಗ. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಬಾಣ ಬಿಟ್ಟ: "ಚೆನ್ನಮ್ಮ ಬಿಟ್ಟಳು. ಏನ ಸಿಕ್ತು?"

ನಾನು ಸುಮ್ಮನಾದೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದತ್ತು ಮಗನ ಹಕ್ಕನ್ನು ಕಂಪನಿ ಒಪ್ಪದೆ ಹೋದಾಗ, 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಾಳಗವಾಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಸುಮಾರು ಐದೂವರೆ ವಾರ ಅವರ ಜೀವ ಕಿತ್ತೂರಿನವರ ಕೈಯಲ್ಲಿತ್ತು. ಸೇಡು ತೀರಿಸಿಕೊಳ್ಳಲಿಲ್ಲ, ಡಿಸೆಂಬರ್ ಮೊದಲಲ್ಲಿ ಜೀವಸಹಿತ ಬಿಟ್ಟು ಕಳಿಸಿದರು. ಆದರೂ ಕಂಪನಿಯ ತೋಪುಗಳು ನಿಲ್ಲಲಿಲ್ಲ. ಡಿಸೆಂಬರ್ 5ರಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಹಾಗಾದರೆ ಆಕೆ ಸೋತಳೇ? ಮರುದಿನ ಮಗನಿಗೆ ಎಲಿಯಟ್‌ನ ಕಥೆ ಹೇಳಿದೆ. ಸೆರೆಸಿಕ್ಕಾಗ ಅವನಿಗೆ 21 ವರ್ಷ, ನನ್ನ ಮಗನಿಗಿಂತ ನಾಲ್ಕು ವರ್ಷ ದೊಡ್ಡವನಷ್ಟೆ. ಬದುಕಿ ಉಳಿದ ಆ ಹುಡುಗ ಮುಂದೆ ಧಾರವಾಡ ಸೀಮೆಯ ಹಳ್ಳಿಹಳ್ಳಿ ತಿರುಗಿಸಿ ನೂರಾರು ಶಿಲಾಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸ ಹೊರಬರಲು ಆ ಪ್ರತಿಗಳು ಬಹಳ ನೆರವಾದವು. ಚೆನ್ನಮ್ಮನಿಗೆ ಇದೇನೂ ಗೊತ್ತಿರಲಿಲ್ಲ, ಗೊತ್ತಾಗಲೂ ಇಲ್ಲ. ಅವನು ಶತ್ರುವಿನ ಕಡೆಯವನೇ, ಕಂಪನಿಯ ನೌಕರನಾಗಿಯೇ ಉಳಿದ. ಆದರೆ ಕೈಗೆ ಸಿಕ್ಕ ಶತ್ರು ನಾಳೆ ಏನಾಗುತ್ತಾನೆಂಬುದನ್ನು ಯಾರು ಬಲ್ಲರು? ಗೋಡೆಯಾಚೆಯ ಎಲ್ಲರನ್ನೂ ಒಂದೇ ತುಳಿತಕ್ಕೆ ಮುಗಿಸಿದ ಎರೆನ್, ಅವರಲ್ಲಿ ಎಷ್ಟು ಮಂದಿ ಎಲಿಯಟ್‌ರನ್ನು ತುಳಿಸಿದನೋ!

ಮಗ ಒಪ್ಪಲಿಲ್ಲ. "ಶಾಸನ ಸಿಕ್ವು, ರಾಜ್ಯ ಹೋತಲ್ಲ" ಎಂದ. ಅದೂ ನಿಜವೇ. ಆ ನಷ್ಟವನ್ನು ಯಾವ ಶಾಸನವೂ ತುಂಬಿಕೊಡದು. ಕೈ ಹೊಲಸು ಮಾಡಿಕೊಳ್ಳದವರು ಸಹ ಬೆಲೆ ತೆರುತ್ತಾರೆಂದು ಮಕ್ಕಳಿಗೆ ಮುಚ್ಚಿಟ್ಟು ಏನು ಪ್ರಯೋಜನ?

ನಾಲ್ಕಾರು ದಿನ ಬಿಟ್ಟು, ಊಟದ ಹೊತ್ತಿಗೆ ತಾನಾಗಿಯೇ ಹೇಳಿದ: "ಅಪ್ಪಾ, ಅನಿಮೆ ಕಡೀಕ ಹೆಸರು ಬರೂಮುಂದ ಒಂದ ಚಿತ್ರ ತೋರಸ್ತಾರ. ಎಷ್ಟೋ ವರ್ಷದ ಮ್ಯಾಲೆ ಎರೆನ್‌ನ ಊರೂ ಯುದ್ಧದಾಗ ಹಾಳಾಗಿರತದ. ಅಷ್ಟ ಮಂದೀನ್ನ ಕೊಂದರೂ ಉಳೀಲಿಲ್ಲ."

ನಾನು ಏನೂ ಹೇಳಲಿಲ್ಲ. ಈ ಸಲ ಅಕ್ಟೋಬರಿನಲ್ಲಿ ಉತ್ಸವಕ್ಕೆ ಹೋದಾಗ ಆ ಬಿದ್ದ ಕೋಟೆಯನ್ನು ಇಬ್ಬರೂ ಕೂಡಿ ನೋಡಬೇಕೆಂದುಕೊಂಡಿದ್ದೇನೆ.