ಹಿಂದಿನ ಸೀಟು

ನಮ್ಮ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಮೋಟರ್‌ಸೈಕಲ್ ಬಿದ್ದುಕೊಂಡಿತ್ತು. ಗೋಡೆಗೆ ಒರಗಿ, ತೊಗರಿಯ ಖಾಲಿ ಚೀಲ ಹೊದ್ದು, ಕಾಯಿಲೆಯ ಮನುಷ್ಯರಂತೆ ನಿಂತಿತ್ತು. ಅದರ ಸೀಟಿನ ಮೇಲೆ ನಮ್ಮ ಮನೆಯ ಬೆಕ್ಕು ಎರಡು ಸಲ ಮರಿ ಹಾಕಿತ್ತು ಎಂದರೆ ನಂಬುತ್ತೀರಾ? ವರ್ಷಕ್ಕೊಮ್ಮೆ ದೀಪಾವಳಿಗೆ ಸುಣ್ಣ ಬಳಿಯುವಾಗ "ಇದನ್ನ ಗುಜರಿಗೆ ಹಾಕಿಬಿಡ್ರೀ" ಎಂದು ನಾನು ಹೇಳುವುದು, "ಆಮ್ಯಾಗ ನೋಡೂಣು" ಎಂದು ನಮ್ಮವರು ಅನ್ನುವುದು, ಇದೊಂದು ವಾಡಿಕೆಯೇ ಆಗಿಹೋಗಿತ್ತು.

ಅದು ಯೆಜ್ಡಿ ರೋಡ್‌ಕಿಂಗ್. 1988ನೇ ಇಸವಿಯದು. ನಮ್ಮವರು ಆಳಂದದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ, ನಮ್ಮ ಮದುವೆಗೆ ಎರಡು ವರ್ಷ ಮೊದಲು ಕೈ ಬದಲಾದ ಮಾಲನ್ನು ಕೊಂಡದ್ದು. ಜಾವಾ ಮತ್ತು ಯೆಜ್ಡಿ ಗಾಡಿಗಳು ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದವು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೈಸೂರು ಮಹಾರಾಜರಾದ ಜಯಚಾಮರಾಜ ಒಡೆಯರ ಹೆಸರಿನಿಂದಲೇ 'ಜಾವಾ' ಬಂತೆಂದು ನಮ್ಮವರು ಬಹಳ ದಿನ ನಂಬಿದ್ದರು, ನನ್ನನ್ನೂ ನಂಬಿಸಿದ್ದರು. ನಿಜ ಬೇರೆಯೇ. ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬುವರ ಹೆಸರಿನ ಮೊದಲಕ್ಷರಗಳಿಗೆ ವಾಂಡರರ್ ಎಂಬ ಕಂಪನಿಯ ಮೊದಲಕ್ಷರಗಳನ್ನು ಸೇರಿಸಿ ಆದ ಹೆಸರು ಅದು. ಇದನ್ನು ನನಗೆ ಹೇಳಿದವನು ನನ್ನ ಮಗ.

ಕಥೆ ಇರುವುದು ಈ ಮಗನದೇ.

ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಎರಡು ವರ್ಷವಾದ ಮೇಲೆ ಕಂಪನಿಯವರು ಆಳು ಕಡಿಮೆ ಮಾಡಿದರು. ಹೋದ ವರ್ಷ ಬ್ಯಾಗು ಹೊತ್ತು ಮನೆಗೆ ಬಂದ. ಬಂದವನು ಬಾಯಿ ಮುಚ್ಚಿದ. ಅಪ್ಪ "ಮುಂದೇನು?" ಅಂದರೆ ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋಗುವವನು. ಒಂದು ಮನೆಯಲ್ಲಿ ಇಬ್ಬರು ಗಂಡಸರು ಮಾತು ಬಿಟ್ಟರೆ ನಡುವೆ ಸಿಕ್ಕ ಹೆಂಗಸಿನ ಗತಿ ಏನೆಂದು ನಿಮಗೆ ನಾನು ಹೇಳಬೇಕೆ? "ನಿಮ್ಮಪ್ಪಗ ಊಟಕ್ಕ ಬಾ ಅನ್ನು", "ನಿನ್ನ ಮಗಗ ಲೈಟ್ ಆರಿಸು ಅನ್ನು" — ನಾನು ಅಂಚೆಯವಳಾಗಿಬಿಟ್ಟಿದ್ದೆ.

ಒಂದು ದಿನ ಕೊಟ್ಟಿಗೆಯಿಂದ ಟಣ್ ಟಣ್ ಸದ್ದು ಬಂತು. ಹೋಗಿ ನೋಡುತ್ತೇನೆ, ಚೀಲ ತೆಗೆದು ಹಾಕಿ ಮಗ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಅವ್ವಾ, ಇದನ್ನ ಕೆಫೆ ರೇಸರ್ ಮಾಡ್ತೀನಿ."

"ಕಾಫಿ ರೇಸರ್ರ? ನಮ್ಮ ಮನ್ಯಾಗ ಕಾಫಿ ಯಾರ್ ಕುಡೀತಾರೋ? ಎಲ್ಲಾರೂ ಚಹಾದವರೇ."

ಎಷ್ಟೋ ತಿಂಗಳ ಮೇಲೆ ನಕ್ಕ. ಮೊಬೈಲಿನಲ್ಲಿ ಚಿತ್ರ ತೋರಿಸಿ ವಿವರಿಸಿದ. ಇಂಗ್ಲೆಂಡಿನಲ್ಲಿ 1950-60ರ ದಶಕದಲ್ಲಿ ಕೆಲಸಕ್ಕೆ ಸೇರಿದ ಹುಡುಗರು ಕೈಯಲ್ಲಿ ಸ್ವಲ್ಪ ದುಡ್ಡು ಕಂಡು ಮೋಟರ್‌ಸೈಕಲ್ ಕೊಳ್ಳುತ್ತಿದ್ದರಂತೆ. ಲಂಡನ್ನಿನ ಏಸ್ ಕೆಫೆಯಂಥ ಹೆದ್ದಾರಿಯ ಚಹಾದಂಗಡಿಗಳ ಮುಂದೆ ಗುಂಪು ಕೂಡಿ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಪಂದ್ಯ ಕಟ್ಟುತ್ತಿದ್ದರಂತೆ. ಗಂಟೆಗೆ 100 ಮೈಲಿ, ಎಂದರೆ 160 ಕಿಲೋಮೀಟರ್ ವೇಗ ಮುಟ್ಟಿದವನೇ ಗಂಡು! ಅದಕ್ಕಾಗಿ ಗಾಡಿಯ ಮೇಲಿನ ಹೆಚ್ಚಿನ ಭಾರವೆಲ್ಲ ಬಿಚ್ಚಿ ಹಾಕಿ, ಹ್ಯಾಂಡಲ್ ಕೆಳಗೆ ಇಳಿಸಿ, ಮುಂದಕ್ಕೆ ಬಗ್ಗಿ ಹೊಡೆಯುವಂತೆ ಮಾಡಿಕೊಂಡರು. ಅದೇ ಕೆಫೆ ರೇಸರ್. ರಾಯಲ್ ಎನ್‌ಫೀಲ್ಡ್‌ನವರು 2013ರಿಂದ ಕಾಂಟಿನೆಂಟಲ್ ಜಿಟಿ ಎಂದು ಅಂಥ ಗಾಡಿಯನ್ನೇ ತಯಾರಿಸಿ ಮಾರುತ್ತಿದ್ದಾರಂತೆ. ಅದಕ್ಕೆ ಲಕ್ಷಗಟ್ಟಲೆ ಬೇಕು. ಇದಕ್ಕೆ ಕೈಕೆಲಸ ಸಾಕು.

"ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಲಾಕ ಇಷ್ಟೆಲ್ಲಾ ಯಾಕೋ?" ಅಂದೆ. ಅವನು ಕಲಿತ ವಿದ್ಯೆ ಕೈಯಲ್ಲಿದೆ, ಹಾಳಾಗಿ ಬಿದ್ದ ಗಾಡಿ ಮುಂದಿದೆ, ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ. ಹೂಂ ಅಂದೆ. ನನ್ನ ಪೆಟ್ಟಿಗೆಯಿಂದ ನಾಲ್ಕು ಸಾವಿರ ತೆಗೆದುಕೊಟ್ಟೆ.

ಆಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಏನೋ ಕಡಿಮೆ ಇದ್ದಂತೆ ಕಂಡಿತು. "ಹಿಂದ ಕೂಡುವರು ಎಲ್ಲಿ ಕೂಡತಾರ?" ಎಂದೆ.

"ಇದಕ್ಕ ಹಿಂದಿನ ಸೀಟ್ ಇರಂಗಿಲ್ಲವ್ವಾ. ಒಬ್ಬರದೇ ಗಾಡಿ. ಹಿಂದಿನ ಚಾಸಿ ಕಡದು, ಗುಂಡಗ ಬೆಸುಗಿ ಹಾಕ್ತಾರ. ಸೀರಿ ಗಾರ್ಡು, ಹಿಂದಿನ ಹಿಡಿಕಿ ಮೊದಲ ತೆಗೀತಾರ."

ನಾನು ಏನೂ ಅನ್ನದೆ ಒಳಗೆ ಬಂದೆ. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು, ಆರಿಸಲಿಕ್ಕೂ ಕೈ ಬರಲಿಲ್ಲ.

ಆ ಸೀಟಿನ ಸಂಗತಿ ನಿಮಗೆ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅದರ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು, ಹಿಂದಿನ ಹಿಡಿಕೆ ಹಿಡಿದು ಕೂತೇ ನಾನು ಲೋಕ ನೋಡಿದ್ದು. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋಗಿ ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು ದತ್ತನ ದರ್ಶನ ಮಾಡಿದ್ದು ಅದರ ಮೇಲೆ. ಮಗನನ್ನು ಆರು ತಿಂಗಳ ಕೂಸಾಗಿದ್ದಾಗ ಮಡಿಲಲ್ಲಿಟ್ಟುಕೊಂಡು ತವರಿನಿಂದ ಬಂದದ್ದು ಅದರ ಮೇಲೆ.

ಇವೆಲ್ಲ ಎಲ್ಲರ ಮನೆಯಲ್ಲೂ ಇರುವುದೇ. 2004ರ ಶ್ರಾವಣದ ಒಂದು ರಾತ್ರಿ ಮಾತ್ರ ನನ್ನದು.

ನನ್ನ ತವರು ಜೇವರ್ಗಿ. ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು: ಅಪ್ಪನ ಉಸಿರು ಮೇಲಕ್ಕಾಗಿದೆ, ನನ್ನ ಹೆಸರು ಹಿಡಿದು ಕೇಳುತ್ತಿದ್ದಾರೆ. ಆ ಹೊತ್ತಿಗೆ ನಮಗೆ ಬಸ್ಸಿಲ್ಲ. ಎರಡು ವರ್ಷದ ಮಗನನ್ನು ಅತ್ತೆಯವರ ಪಕ್ಕ ಮಲಗಿಸಿ ಹೊರಟೆವು. ಆಳಂದದಿಂದ ಕಲಬುರಗಿ ನಲವತ್ತು ಕಿಲೋಮೀಟರಿನ ಮೇಲೆ, ಅಲ್ಲಿಂದ ಜೇವರ್ಗಿ ಮತ್ತೆ ಅಷ್ಟೇ. ಜಿಟಿಜಿಟಿ ಮಳೆ. ದಾರಿಯಲ್ಲಿ ಗಾಡಿ ನಿಂತಿತು. ಎರಡು ಸ್ಟ್ರೋಕಿನ ಗಾಡಿಯಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುತ್ತಾರೆ. ಆ ಎಣ್ಣೆಯ ಮಸಿ ಪ್ಲಗ್ಗಿಗೆ ಹಿಡಿದರೆ ಕಿಡಿ ಹಾರುವುದಿಲ್ಲ. ನಮ್ಮವರು ಪ್ಲಗ್ ಬಿಚ್ಚಿ ಕಡ್ಡಿಪೆಟ್ಟಿಗೆಯ ಮಗ್ಗುಲಿಗೆ ಉಜ್ಜಿದರು. ನಾನು ಸೆರಗಿನಿಂದ ಮಳೆ ಮರೆ ಮಾಡಿ ಬ್ಯಾಟರಿ ಹಿಡಿದೆ. ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟುವಾಗ ಕೆಳಗೆ ಕತ್ತಲಲ್ಲಿ ಹೊಳೆ ಮೊರೆಯುತ್ತಿತ್ತು. ನಾನು ನಮ್ಮವರ ಬೆನ್ನಿಗೆ ಹಣೆ ಹಚ್ಚಿ ಅತ್ತೆ. ಗಾಡಿಯ ಸದ್ದಿನಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಮನೆ ಮುಟ್ಟಿದಾಗ ಅಪ್ಪನಿಗೆ ಇನ್ನೂ ಅರಿವಿತ್ತು. ನನ್ನ ಕೈಯಿಂದ ಎರಡು ಚಮಚ ನೀರು ಕುಡಿದರು. ಬೆಳಗಿನ ಜಾವ ಹೋದರು.

ಆ ಸೀಟು ಇಲ್ಲದಿದ್ದರೆ ಆ ಎರಡು ಚಮಚ ನೀರು ಇಲ್ಲ. ಅದನ್ನು ಕಡಿದು ಗುಂಡಗೆ ಬೆಸುಗೆ ಹಾಕುತ್ತೇನೆ ಅನ್ನುತ್ತಿದ್ದಾನೆ ಮಗ. ಅಪ್ಪನೋ, ಇದು ಗೊತ್ತಾದ ಕೂಡಲೇ "ರೊಕ್ಕ ಹಾಳು, ಗುಜರಿಯವಗ ಹೇಳಿ ಕಳಸ್ತೀನಿ" ಎಂದು ಕೂತರು. ಇಬ್ಬರಲ್ಲಿ ಒಬ್ಬರಾದರೂ "ನೀ ಏನಂತಿ?" ಎಂದು ಕೇಳಬೇಡವೆ? ಗುಜರಿಗೆ ಹಾಕಿ ಎಂದು ವರ್ಷಾ ಹೇಳುತ್ತಿದ್ದವಳು ನಾನೇ, ಅದೂ ನಿಜ. ಕೊಟ್ಟಿಗೆಯಲ್ಲಿ ಇರುವವರೆಗೆ ಅದರ ಬೆಲೆ ನನಗೇ ತಿಳಿದಿರಲಿಲ್ಲ.

ಮೊದಲು ತಡೆದವರು ಗ್ಯಾರೇಜಿನ ಚಾಚಾ. ನಲವತ್ತು ವರ್ಷದಿಂದ ಜಾವಾ-ಯೆಜ್ಡಿ ಬಿಚ್ಚಿ ಕಟ್ಟಿದ ಕೈ. ಮಗ ಕರೆದುಕೊಂಡು ಬಂದಾಗ ನಾನು ಚಹಾ ಕೊಡಲು ಹೋದೆ. ಚಾಚಾ ಚಾಸಿಯ ಮೇಲೆ ಕೈಯಾಡಿಸಿ, "ನಾ ಇದನ್ನ ಕಡಿಯಂಗಿಲ್ಲ ಬೇಟಾ. ಇದು ಗಾಡಿ ಬೆನ್ನೆಲುಬು. ಬೆಸುಗಿ ಎಂದ್ ಬಿಡ್ತದ ಯಾರಿಗ್ಗೊತ್ತು? ಭಾಬಿ, ನೀವರ ಹೇಳ್ರಿ" ಅಂದರು.

ಹೇಳುವ ಹೊತ್ತು ಬಂದಿತ್ತು. ನಾನು ಲೋಟ ಕೆಳಗಿಟ್ಟು ಆ ರಾತ್ರಿಯ ಸಂಗತಿಯನ್ನು ಮೊದಲ ಸಲ ಮಗನಿಗೆ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿರುವುದಾದರೂ ಹೇಗೆ, ಮಲಗಿದ್ದ ಕೂಸು. ಹೇಳಿ ಮುಗಿಸುವಾಗ ಹಿತ್ತಲ ಬಾಗಿಲಲ್ಲಿ ನಮ್ಮವರು ನಿಂತಿದ್ದರು.

"ಪ್ಲಗ್ ಒಂದ್ ಸಲ ಅಲ್ಲ, ಎರಡ್ ಸಲ ತೆಗದಿದ್ದೆ" ಎಂದರು. "ಎರಡನೇ ಸಲ ಸೇತುವಿ ದಾಟಿದ ಮ್ಯಾಲ. ನೀ ಅಳಲಾಕತ್ತಿದ್ದಿ, ನಿನಗ ನೆಪ್ಪಿಲ್ಲ."

ಇಪ್ಪತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು ನೋಡಿ, ಗಂಡಸರು! ಗುಜರಿಯವನನ್ನು ವರ್ಷಾ ಯಾಕೆ ಮುಂದೂಡುತ್ತಿದ್ದರೆಂದು ಆಗ ತಿಳಿಯಿತು.

ಆವತ್ತಿನಿಂದ ಅಪ್ಪ ಮಗ ಇಬ್ಬರೂ ಕೊಟ್ಟಿಗೆ ಸೇರಿದರು. ನಮ್ಮವರು ಲೆಕ್ಕದ ಮನುಷ್ಯ, ಮೊದಲು ಕಾಗದ ಪತ್ರ ತೆಗೆದರು. ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ನಮ್ಮದು ತಪ್ಪಿಹೋಗಿತ್ತು. ಕಂಪನಿಯವರು ಮಾಡಿಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ವರ್ಷದ ತಿದ್ದುಪಡಿ ಕಾಯಿದೆಯಲ್ಲಿ ಇಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಜೈಲೂ ಆಗಬಹುದು. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಗಾಲಿಗೆ ಅರ್ಧದಷ್ಟಾದರೂ ಮರೆ ಇರಲೇಬೇಕೆಂದು ನಿಯಮವೇ ಇದೆ. ನಮ್ಮ ಸೀರೆಯ ಚಿಂತೆ ಸರಕಾರಕ್ಕಾದರೂ ಇದೆಯಲ್ಲ ಎಂದು ಸಮಾಧಾನವಾಯಿತು!

ಕೊನೆಗೆ ಮೂವರೂ ಕೂಡಿ ಒಂದು ನಿರ್ಧಾರಕ್ಕೆ ಬಂದೆವು. ಏನನ್ನೂ ಕಡಿಯುವುದಿಲ್ಲ. ಏನು ಮಾಡಿದರೂ ಪಾನಾ ಹಿಡಿದು ಬಿಚ್ಚಿದರೆ ಮೊದಲಿನಂತೆ ಆಗಬೇಕು. ರಸ್ತೆಗೆ ಇಳಿಯುವಾಗ ಹಳೆಯ ಹ್ಯಾಂಡಲ್, ಹಳೆಯ ಉದ್ದ ಸೀಟು. ಮಗನ ಕೆಫೆ ರೇಸರ್ ಮನೆಯ ಅಂಗಳಕ್ಕೆ, ಅವನ ಗೆಳೆಯರಿಗೆ ತೋರಿಸಲಿಕ್ಕೆ.

ಕೆಲಸ ಮೂರು ತಿಂಗಳು ನಡೆಯಿತು. ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಮಗ ಏನೋ ಆಸಿಡ್ ತರಲು ಹೊರಟಿದ್ದ. ಹಿತ್ತಾಳೆ ತಾಮ್ರ ಬೆಳಗುವವರಿಗೆ ಅದೇನು ದೊಡ್ಡದು? "ಹುಣಸಿಹುಳಿ ಹಾಕಿ ನೋಡು" ಅಂದೆ. ಟ್ಯಾಂಕನ್ನು ಒಲೆಯಿಂದ ದೂರ ಅಂಗಳದಲ್ಲಿಟ್ಟು, ಪೆಟ್ರೋಲಿನ ವಾಸನೆ ಹೋಗುವಂತೆ ಚೆನ್ನಾಗಿ ತೊಳೆದು, ಹುಣಸೆಯ ಗಟ್ಟಿ ನೀರು ಸೋಸಿ ತುಂಬಿ, ಒಂದು ಹಿಡಿ ನಟ್ಟು ಬೋಲ್ಟು ಹಾಕಿ ಎರಡು ದಿನ ಆಗಾಗ ಕುಲುಕಿದರು. ಆಮೇಲೆ ಅಡಿಗೆ ಸೋಡಾದ ನೀರಿನಿಂದ ತೊಳೆದು, ಬಿಸಿಲಿಗಿಟ್ಟು ಪೂರಾ ಒಣಗಿಸಿ, ಕೂಡಲೇ ಎಣ್ಣೆ ಆಡಿಸಿದರು. ತಡಮಾಡಿದರೆ ತುಕ್ಕು ಮತ್ತೆ ಹಿಡಿಯುತ್ತದೆ. ಟ್ಯಾಂಕು ಒಳಗೆ ಫಳಫಳ! ಎರಡೂ ಸೈಲೆನ್ಸರಿನ ಒಳಕೊಳವೆಗಳಿಗೆ ಅಂಗುಲ ದಪ್ಪ ಮಸಿ ಕಟ್ಟಿತ್ತು. ಚಾಚಾ ಅವನ್ನು ಬೆಂಕಿಯಲ್ಲಿ ಸುಟ್ಟು ಕೊಡವಿದರು. ಓಣಿಯೆಲ್ಲ ಹೊಗೆಯಾಗಿ ನೆರೆಯವರ ಕೈಲಿ ನಾನು ಅನ್ನಿಸಿಕೊಂಡೆ.

ರೇಸರ್ ಗಾಡಿಗಳಲ್ಲಿ ಕಾಲಿಡುವ ಗೂಟಗಳನ್ನು ಹಿಂದಕ್ಕೆ ಸರಿಸುತ್ತಾರಂತೆ. ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಿನ ಕಡ್ಡಿ. ಕಾಲು ಹಿಂದಕ್ಕೆ ಹೋದರೆ ಗೇರು ನಿಲುಕುವುದಿಲ್ಲ. "ಮೈಸೂರಿನವರು ವಿಚಾರ ಮಾಡಿಯೇ ಇಟ್ಟಾರ, ಅಲ್ಲೇ ಇರಲಿ" ಎಂದರು ನಮ್ಮವರು. ಮಗನೂ ಹೂಂ ಅಂದ. ಅಪ್ಪನ ಮಾತಿಗೆ ಮಗ ಹೂಂ ಅಂದದ್ದನ್ನು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಿತ್ತು.

ಉಳಿದದ್ದು ಒಂಟಿ ಸೀಟು. ತಗಡಿನ ಮೇಲೆ ಫೋಮು ಅಂಟಿಸಿ, ಹಿಂದೆ ದಿಣ್ಣೆಯಂತೆ ಎಬ್ಬಿಸಿ, ಹಳೆಯ ಸೀಟಿನ ಬೋಲ್ಟಿನ ತೂತಿಗೇ ಕೂಡುವಂತೆ ಮಗ ಮಾಡಿದ. ರೆಕ್ಸಿನ್ ಹೊಲಿಯಬೇಕಲ್ಲ? "ಅವ್ವಾ, ನಿನ್ನ ಮಷೀನಿನ ಮ್ಯಾಲ ಆಗ್ತದೇನು?" ಎಂದು ಕೇಳಿದ. ಕೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ಜಾಗವಿಲ್ಲದ ಸೀಟಿಗೆ ನಾನೇ ಹೊದಿಕೆ ಹೊಲಿಯುವುದು! ಮಷೀನಿಗೆ 18ನೇ ನಂಬರಿನ ಸೂಜಿ ಹಾಕಿ, ಟಾಕು ಉದ್ದ ಬಿಟ್ಟು, ರೆಕ್ಸಿನ್ನಿನ ಕೆಳಗೆ ಕಾಗದ ಇಟ್ಟು ನಿಧಾನ ತುಳಿದೆ. ಎರಡು ಸೂಜಿ ಮುರಿದವು. ಕಂದು ಬಣ್ಣಕ್ಕೆ ಹಳದಿ ದಾರ. ನಾನೇ ಹೇಳಬಾರದು, ಚೆನ್ನಾಗಿಯೇ ಬಂತು. ಉಳಿದ ರೆಕ್ಸಿನ್ನಿನಿಂದ ಹಳೆಯ ಸೀಟಿಗೂ ಹೊಸ ಹೊದಿಕೆ ಹೊಲಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಈಗ ಮಗ ಚಾಚಾನ ಗ್ಯಾರೇಜಿನಲ್ಲೇ ದಿನವೂ ಕೂಡುತ್ತಾನೆ. ಹಳೆಯ ಗಾಡಿ ತಂದುಕೊಡುವವರು ಒಬ್ಬೊಬ್ಬರೇ ಬರುತ್ತಿದ್ದಾರೆ. ಸಂಬಳವೆಂದು ಹೇಳುವಷ್ಟಿಲ್ಲ, ನಮ್ಮವರಿಗೆ ಪೂರ್ತಿ ಸಮಾಧಾನವೂ ಇಲ್ಲ. ಆದರೆ ಊಟದ ಹೊತ್ತಿಗೆ ಅಪ್ಪ ಮಗ ಕಾರ್ಬೊರೇಟರ್ ವಿಷಯ ಮಾತಾಡುತ್ತ ಪಲ್ಯ ಆರಿಸಿಕೊಳ್ಳುತ್ತಾರೆ. ನನ್ನ ಅಂಚೆ ಕೆಲಸಕ್ಕೆ ಬಿಡುವಾಗಿದೆ.

ಸೋದರಿಯರೇ, ನಿಮ್ಮ ಹಿತ್ತಲಲ್ಲೂ ಇಂಥದೊಂದು ಗಾಡಿ ಇದ್ದು, ಮಗ ಪಾನಾ ಹಿಡಿದು ಕೂತರೆ ಬೇಡ ಅನ್ನಬೇಡಿ. ಆದರೆ ಗರಗಸ ಹಿಡಿದರೆ ಮಾತ್ರ ಹತ್ತಿರ ಹೋಗಿ ನಿಲ್ಲಿ. ಕೇಳಲಿ ಎಂದು ಕಾಯಬೇಡಿ, ನೀವೇ ಹೇಳಿ.

ನೋಂದಣಿಯ ಕಾಗದ ಕೈಗೆ ಬಂದ ಮೇಲಿನ ಮೊದಲ ಭಾನುವಾರ ಮಗ ಉದ್ದ ಸೀಟು ಹಾಕಿ, "ಅವ್ವಾ, ಜೇವರ್ಗಿಗೆ ಹೋಗೂಣು ನಡಿ" ಅಂದ. ತಲೆಗೆ ಹೆಲ್ಮೆಟ್ ಇಟ್ಟುಕೊಂಡು, ಮೊದಲಿನಂತೆಯೇ ಒಂದೇ ಕಡೆ ಕಾಲು ಇಳಿಬಿಟ್ಟು ಕೂತೆ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ನಿಲ್ಲಿಸು ಅಂದೆ. ಹೊಳೆಗೆ ಒಂದು ರೂಪಾಯಿ ಹಾಕಿ ಕೈ ಮುಗಿದೆ. ಹಗಲಿನಲ್ಲಿ ಭೀಮೆ ಎಷ್ಟು ಶಾಂತವಾಗಿ ಹರಿಯುತ್ತಿದ್ದಳು!

ಹೊರಡುವಾಗ ಮಗ ಪ್ಲಗ್ಗಿನ ಕಡೆ ಒಮ್ಮೆ ಬಗ್ಗಿ ನೋಡಿದ. ಅವನ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಬೀಡಿ ಸಿಗರೇಟಿನ ಚಟವಿಲ್ಲದ ಹುಡುಗ, ಎಲ್ಲಿಂದ ಬಂತಪ್ಪಾ ಎಂದುಕೊಂಡೆ. ಆಮೇಲೆ ಹೊಳೆಯಿತು. ಅವರಪ್ಪ ಹಾಕಿ ಕಳಿಸಿದ್ದರು.